ಉಳಿದ ಒಕ್ಕಾಲು

ಹೊಳೆದಂಡೆಯ ಒಂದು ಮಠದಲ್ಲಿ ಸಿರಿಯವ್ವ ಎಂಬ ಹೆಂಗಸು ಅಕ್ಷರಗಳಿಗೆ ಮಸಿ ಬಳಿಯುವ ಕೆಲಸ ಮಾಡುತ್ತಿದ್ದಳು.

ಕಾಗದ ಇನ್ನೂ ಆ ಸೀಮೆಗೆ ಬಾರದ ಕಾಲ ಅದು. ಓದುಬರಹ ಬಲ್ಲವರು ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದರು. ಕೊರೆದದ್ದು ಹಾಗೇ ಕಣ್ಣಿಗೆ ಕಾಣುವುದಿಲ್ಲ, ಬರೀ ಗೀರು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ತುಂಬ ಬಳಿಯಬೇಕು, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಆಗ ಮಸಿ ಗೀರಿನೊಳಗೆ ಮಾತ್ರ ಉಳಿದು ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಮಸಿ ಬಳಿದರೆ ಮಾನ ಹೋಗುತ್ತದೆ ಅನ್ನುವುದು ಲೋಕದ ಮಾತು. ಈ ಮಠದಲ್ಲಿ ಮಾತ್ರ ಸಿರಿಯವ್ವ ಮಸಿ ಬಳಿಯದಿದ್ದರೆ ಪಂಡಿತರ ಮಾನ ಉಳಿಯುತ್ತಿರಲಿಲ್ಲ. ಅವರು ಬರೆದದ್ದು ಅವರಿಗೇ ಕಾಣುತ್ತಿರಲಿಲ್ಲವಲ್ಲ!

ಇಷ್ಟೊಂದು ಅಕ್ಷರಗಳನ್ನು ಬೆಳಕಿಗೆ ತಂದ ಸಿರಿಯವ್ವನಿಗೆ ಒಂದೇ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಅವಳ ಅಪ್ಪ ನಿಂಗಯ್ಯನೂ ಇದೇ ಕೆಲಸದವನು. ಏಳು ವರ್ಷದ ಹುಡುಗಿಯಾಗಿದ್ದಾಗ ಅವಳು ಒಂದು ಗರಿಯ ಮೇಲೆ ಬೆರಳಿಟ್ಟು, "ಅಪ್ಪಾ, ಇಲ್ಲಿ ಏನಂತ ಬರದದೆ?" ಎಂದು ಕೇಳಿದ್ದಳು. "ನಮಗ್ಯಾಕವ್ವ ಅದು? ಬಿರ್‍ನೆ ಒರೆಸು, ಎಣ್ಣೆ ಒಣಗ್ತದೆ" ಅಂದಿದ್ದ ಅಪ್ಪ. ಅವಳು ಒರೆಸಿದಳು. ಒರೆಸುತ್ತ ಒರೆಸುತ್ತ ಲಂಗ ಹೋಗಿ ಸೀರೆ ಬಂತು, ಮದುವೆಯಾಯಿತು, ಗಂಡ ತೀರಿಕೊಂಡ, ತಲೆ ನರೆಯಿತು. ಗರಿಯಲ್ಲಿ ಏನು ಬರೆದಿದೆ ಎಂಬ ಆಸೆ ಮಾತ್ರ ಏಳು ವರ್ಷದ್ದಾಗಿಯೇ ಉಳಿಯಿತು.

ಅಕ್ಷರಗಳಿಗೆ ಅವಳು ತನ್ನದೇ ಹೆಸರುಗಳನ್ನು ಇಟ್ಟುಕೊಂಡಿದ್ದಳು. ಒಂದು ಬೊಟ್ಟಿಟ್ಟ ದುಂಡು ಮುಖ, ಇನ್ನೊಂದು ಎತ್ತಿನ ಲಾಳ, ಮತ್ತೊಂದು ಮುದುಡಿ ಮಲಗಿದ ಬೆಕ್ಕು. ಮಧ್ಯಾಹ್ನ ಪಾಠಶಾಲೆಯಲ್ಲಿ ಹುಡುಗರು ರಾಗವಾಗಿ ಓದುವಾಗ, ಪಕ್ಕದ ಜಗಲಿಯಲ್ಲಿ ಕೂತು ಕಿವಿ ಅತ್ತ ಕೊಡುತ್ತಿದ್ದಳು. ಈಗ ಕೇಳಿದ ಮಾತು ಲಾಳದ್ದೋ ಬೆಕ್ಕಿನದ್ದೋ ಎಂದು ಯೋಚಿಸುತ್ತಿದ್ದಳು. ಹಸಿದವನಿಗೆ ಪಕ್ಕದ ಮನೆಯ ಒಗ್ಗರಣೆ ವಾಸನೆ ಬಡಿದಂತೆ ಅವಳ ಪಾಡು.

ಆ ಮಠದಲ್ಲಿ ಸಂಗಮೇಶ ಶಾಸ್ತ್ರಿ ಎಂಬ ಪಂಡಿತನಿದ್ದ. ಒಳ್ಳೆಯ ಓದುಗ, ಆದರೆ ಓದಿದ್ದೆಲ್ಲ ತಲೆಗೇರಿತ್ತು. ಹಿರಿಯ ಗುರು ಮರುಳಸಿದ್ಧಯ್ಯನವರಿಗೆ ವಯಸ್ಸಾಗಿದ್ದರಿಂದ ಗ್ರಂಥಗಳ ಉಸ್ತುವಾರಿ ಅವನ ಕೈಯಲ್ಲಿತ್ತು. ಒಮ್ಮೆ ಸಿರಿಯವ್ವ ಧೈರ್ಯ ಮಾಡಿ ಅವನ ಮುಂದೆ ನಿಂತು, "ಅಯ್ನೋರೆ, ನಂಗೂ ಒಂದೆರಡು ಅಕ್ಷರ ಹೇಳ್ಕೊಡ್ತೀರಾ?" ಎಂದು ಕೇಳಿದ್ದಳು.

"ಊರು ಹೋಗು ಅಂತದೆ, ಕಾಡು ಬಾ ಅಂತದೆ. ಈ ವಯಸ್ಸಲ್ಲಿ ಅಕ್ಷರವೇ ನಿನಗೆ?" ಎಂದು ಅವನು ನಕ್ಕಿದ್ದ. ಸುತ್ತ ಇದ್ದ ಶಿಷ್ಯರೂ ನಕ್ಕರು. ಸಿರಿಯವ್ವನೂ ನಕ್ಕಳು. ನಗದೆ ಇನ್ನೇನು ಮಾಡಿಯಾಳು?

ವರ್ಷಕ್ಕೊಂದು ಸಲ ಮಠದ ಓಲೆಕಟ್ಟುಗಳನ್ನೆಲ್ಲ ಅಂಗಳಕ್ಕೆ ತಂದು, ದಾರ ಬಿಚ್ಚಿ, ದೂಳು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಗಾಳಿಗೆ ಆರಿಸುವ ಪದ್ಧತಿಯಿತ್ತು. ಒಂದೊಂದು ಗರಿಗೂ ಎರಡು ತೂತು, ಆ ಎರಡರಲ್ಲೂ ಪೋಣಿಸಿದ ಎರಡು ದಾರ. ಗರಿ ಒರೆಸುವಾಗ ಒಂದು ದಾರ ಬಿಚ್ಚಿದರೆ ಇನ್ನೊಂದು ಇರಲೇಬೇಕು. ಇದು ನಿಂಗಯ್ಯ ಮಗಳಿಗೆ ಹೇಳಿಕೊಟ್ಟ ಮೊದಲ ಪಾಠ.

ಆ ವರ್ಷ ಆರಿಸುವ ದಿನವೇ ಮೇಲಿನ ಊರಿಂದ ಗುರುಪಾದಪ್ಪ ಎಂಬ ವೈದ್ಯ ಓಡೋಡಿ ಬಂದ. ಅವನ ಊರಿನಲ್ಲಿ ಒಂದು ಕೆಟ್ಟ ಜ್ವರ ಹಬ್ಬಿತ್ತು. ಮನೆಮನೆಯಲ್ಲೂ ಜನ ಮಲಗಿದ್ದರು. ಆ ಜ್ವರಕ್ಕೆ ಮದ್ದು ಇರುವುದು ಮಠದ ಹಳೆಯ ವೈದ್ಯಗ್ರಂಥದಲ್ಲಿ ಮಾತ್ರ ಎಂದು ಅವನ ಅಜ್ಜ ಹೇಳಿದ್ದನಂತೆ.

ಶಾಸ್ತ್ರಿ ಗ್ರಂಥವನ್ನು ತಾನೇ ಎತ್ತಿಕೊಂಡು ಅವಸರದಲ್ಲಿ ದಾರ ಎಳೆಯತೊಡಗಿದ.

"ಒಂದು ದಾರ ಇರ್‍ಲಿ ಅಯ್ನೋರೆ. ಎರಡೂ ಒಟ್ಟಿಗೆ ಬಿಚ್ಚಬ್ಯಾಡಿ" ಎಂದಳು ಸಿರಿಯವ್ವ.

"ದಾರ ಬಿಚ್ಚುವುದನ್ನೂ ನಿನ್ನಿಂದ ಕಲಿಯಬೇಕೇನು?" ಎಂದ ಶಾಸ್ತ್ರಿ, ಎರಡನ್ನೂ ಎಳೆದುಬಿಟ್ಟ.

ಗಾಳಿಗೆ ಪಂಡಿತ ಯಾರು ಪಾಮರ ಯಾರು ಎಂಬ ಭೇದವೆಲ್ಲಿ? ಹೊಳೆಯ ಕಡೆಯಿಂದ ಒಂದು ಸುಳಿಗಾಳಿ ಎದ್ದು ಅಂಗಳಕ್ಕೆ ನುಗ್ಗಿತು. ಎಪ್ಪತ್ತಮೂರು ಗರಿಗಳು ಹಕ್ಕಿಗಳಂತೆ ಹಾರಿ, ಮಾಡಿನ ಮೇಲೆ, ಹೂವಿನ ಪಾತಿಯಲ್ಲಿ, ದನದ ಕೊಟ್ಟಿಗೆಯಲ್ಲಿ ಬಿದ್ದವು. ಎಲ್ಲರೂ ಓಡಾಡಿ ಹೆಕ್ಕಿದರು. ಒಂದೂ ಕಳೆಯಲಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ? ಗರಿಗಳ ಅಂಚಿನಲ್ಲಿದ್ದ ಅಂಕಿಗಳನ್ನು ಹುಳು ಎಂದೋ ತಿಂದು ಮುಗಿಸಿತ್ತು.

ಶಾಸ್ತ್ರಿಯ ಮುಖ ಸಣ್ಣಗಾಯಿತು. ಆದರೂ, "ಓದಿ ಜೋಡಿಸಿದರಾಯಿತು. ಅರ್ಥ ಗೊತ್ತಿದ್ದವನಿಗೆ ಅನುಕ್ರಮ ಯಾವ ಲೆಕ್ಕ?" ಎಂದು ಕೂತ. ಎರಡು ದಿನ ಕೂತ. ಗರಿಯ ಕೊನೆಯ ಮಾತು ನೋಡುವುದು, ಅದಕ್ಕೆ ಹೊಂದುವ ಮೊದಲ ಮಾತಿನ ಗರಿ ಹುಡುಕುವುದು. ಪಾಪ, ಊಟ ನಿದ್ದೆ ಬಿಟ್ಟು ದುಡಿದ, ಅದನ್ನು ಇಲ್ಲ ಅನ್ನಲಾಗದು. ಜ್ವರದ ಮದ್ದಿನ ಕಡೆ ಒಂದು ಗರಿ, "ಗುಲಗಂಜಿಯ ಬೀಜಗಳನ್ನು ತೆಗೆದುಕೊಂಡು" ಎಂದು ಮುಗಿಯುತ್ತಿತ್ತು. ಇನ್ನೊಂದು ಗರಿ, "ನುಣ್ಣಗೆ ಅರೆದು ಜೇನಿನಲ್ಲಿ ಕೊಡುವುದು" ಎಂದು ಶುರುವಾಗುತ್ತಿತ್ತು. ಬೀಗಕ್ಕೆ ಕೀಲಿ ಕೂತಂತೆ ಕೂತವು. ಶಾಸ್ತ್ರಿ ತೊಡೆ ತಟ್ಟಿಕೊಂಡ. ಗುರುಪಾದಪ್ಪ ಗುಲಗಂಜಿ ತರಿಸಿ, ಅರೆಯುವ ಕಲ್ಲು ತೊಳೆದಿಟ್ಟುಕೊಂಡ.

ಇನ್ನು ಉಳಿದದ್ದು ದಾರ ಪೋಣಿಸುವ ಕೆಲಸ. ಅದು ಸಿರಿಯವ್ವನದು. ಅವಳು ಕಟ್ಟನ್ನು ಕೈಗೆತ್ತಿಕೊಂಡು ತೂತು ಹೊಂದಿಸಲು ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತಳು.

ಆ ಗರಿಗಳನ್ನು ಹುಳು ತಿಂದಿತ್ತು ಅಂದೆನಲ್ಲ. ಅಂಚನ್ನು ತಿಂದದ್ದಲ್ಲದೆ ಮಧ್ಯೆಯೂ ಅಲ್ಲಲ್ಲಿ ಸಾಸಿವೆಯಷ್ಟು ಕೊರೆದಿತ್ತು. ಸಿರಿಯವ್ವ ನಲವತ್ತು ವರ್ಷ ಆ ತೂತುಗಳ ಸುತ್ತ ಎಣ್ಣೆ ಸವರಿದವಳು. ಸರಿಯಾಗಿ ಜೋಡಿಸಿದ ಕಟ್ಟಿನಲ್ಲಿ ಹುಳುವಿನ ದಾರಿ ಮೇಲಿನ ಗರಿಯಿಂದ ಕೆಳಗಿನ ಗರಿಗೆ ಇಳಿಯುತ್ತಾ ಹೋಗುವುದನ್ನು ಬಲ್ಲವಳು. ಈ ಕಟ್ಟಿನಲ್ಲಿ ಒಂದು ಗರಿಯ ತೂತಿಗೆ ಎದುರಾಗಿ ಮುಂದಿನ ಗರಿ ಗಟ್ಟಿಯಾಗಿತ್ತು.

ಬಾಯಿ ಬಿಟ್ಟರೆ ಶಾಸ್ತ್ರಿಯ ಸಿಟ್ಟು. ಇರುವ ಒಂದು ಕೆಲಸವೂ ಹೋದರೆ ಈ ಗರಿಗಳನ್ನು ಮುಟ್ಟುವ ಭಾಗ್ಯವೂ ಇಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ತನ್ನ ಮನೆಯಲ್ಲದ ಮನೆಯಲ್ಲಿ ಮಲಗಿದ ಗರಿಯನ್ನು ಕಂಡೂ ದಾರ ಪೋಣಿಸಲು ಅವಳ ಕೈ ಬಾರದು.

"ಅಯ್ನೋರೆ, ಈ ಎರಡು ಗರಿ ಅಕ್ಕಪಕ್ಕ ಇರನಿಲ್ಲ" ಎಂದಳು.

"ಏನೆಂದೆ?" ಶಾಸ್ತ್ರಿ ತಿರುಗಿದ. "ಅಲ್ಲಿ ಏನು ಬರೆದಿದೆ ಗೊತ್ತೇನು ನಿನಗೆ?"

"ಗೊತ್ತಿಲ್ಲ ಅಯ್ನೋರೆ."

"ಮತ್ತೆ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಸುಮ್ಮನೆ ದಾರ ಪೋಣಿಸು. ಅಲ್ಲಿ ಜನ ಸಾಯ್ತಿದ್ದಾರೆ."

ಸಿರಿಯವ್ವ ಅಲ್ಲಾಡಲಿಲ್ಲ. ಹಿರಿಯ ಗುರುಗಳ ಕಡೆ ತಿರುಗಿ, "ಗುರುಗಳೆ, ನಂಗೆ ಓದಾಕೆ ಬರಕಿಲ್ಲ, ದಿಟ. ಆದ್ರೆ ಹುಳ ಗರಿ ಬಿಟ್ಟು ಗರಿ ಹಾರಕಿಲ್ಲ. ಒಂದರ ಮನೆಯಿಂದ ಇನ್ನೊಂದರ ಮನೆಗೆ ಗೋಡೆ ಕೊರ್‍ಕೊಂಡೇ ಹೋಯ್ತದೆ. ಇಲ್ಲಿ ಗೋಡೆ ಗಟ್ಟಿಯಾಗದೆ" ಎಂದಳು.

ಮರುಳಸಿದ್ಧಯ್ಯನವರು ಕಟ್ಟನ್ನು ತಾವೇ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಇವಳು ಜೋಡಿಸಲಿ" ಎಂದರು.

ಅಂಗಳದ ಕಲ್ಲಿನ ಮೇಲೆ ಎಪ್ಪತ್ತಮೂರು ಗರಿಗಳನ್ನು ಹರಡಿಕೊಂಡು ಸಿರಿಯವ್ವ ಕೂತಳು. ಒಂದೊಂದನ್ನೂ ಎತ್ತಿ ಸೂರ್ಯನಿಗೆ ಹಿಡಿಯುವಳು, ಬೆರಳ ತುದಿಯಿಂದ ತಡವುವಳು, ಇನ್ನೊಂದರ ಮೇಲಿಡುವಳು, ತಲೆಯಲ್ಲಾಡಿಸಿ ತೆಗೆಯುವಳು. ಮಧ್ಯಾಹ್ನ ಕೂತವಳು ದನ ಮನೆಗೆ ಬರುವ ಹೊತ್ತಿಗೆ ಎದ್ದಳು. ಕಟ್ಟನ್ನು ಬೆಳಕಿಗೆ ಹಿಡಿದರೆ ಮೇಲಿನಿಂದ ಕೆಳಗಿನವರೆಗೆ ಹುಳುವಿನ ದಾರಿ ಎಲ್ಲೂ ಕಡಿಯಲಿಲ್ಲ.

ಗುರುಗಳು ಜ್ವರದ ಮದ್ದಿನ ಭಾಗ ತೆಗೆದು ಗಟ್ಟಿಯಾಗಿ ಓದಿದರು. "ಗುಲಗಂಜಿಯ ಬೀಜಗಳನ್ನು ತೆಗೆದುಕೊಂಡು" ಎಂಬ ಗರಿ ಮುಗಿಯಿತು. ಅದರ ಕೆಳಗೆ ಶಾಸ್ತ್ರಿ ಚರ್ಮರೋಗದ ಭಾಗಕ್ಕೆ ಸೇರಿಸಿದ್ದ ಒಂದು ಗರಿ ಬಂದಿತ್ತು. "ಹಾಲಿನಲ್ಲಿ ಕುದಿಸಿ ವಿಷ ಇಳಿಸದೆ ಇದನ್ನು ಯಾರಿಗೂ ಕೊಡಲಾಗದು, ಕೊಟ್ಟರೆ ರೋಗಿ ಉಳಿಯನು" ಎಂದು ಶುರುವಾಗಿ, ವಿಷ ಇಳಿಸುವ ವಿಧಾನವನ್ನೆಲ್ಲ ಹೇಳುತ್ತಿತ್ತು. ಅದಾದ ಮೇಲೆಯೇ ಅರೆಯುವ ಮಾತು. (ಮಕ್ಕಳೇ, ಗುಲಗಂಜಿ ನೋಡಲು ಚೆಂದ. ಬಾಯಿಗೆ ಮಾತ್ರ ಹಾಕಬೇಡಿ.)

ಗುರುಪಾದಪ್ಪ ತೊಳೆದಿಟ್ಟ ಕಲ್ಲಿನ ಕಡೆ ನೋಡಿದ. "ಇಡೀ ಊರನ್ನೇ ಕೊಂದುಬಿಡ್ತಿದ್ದೆನಲ್ಲ ತಾಯೀ!" ಎಂದು ಸಿರಿಯವ್ವನ ಕಾಲಿಗೆ ಬಿದ್ದ. ಶಾಸ್ತ್ರಿ ತಲೆ ತಗ್ಗಿಸಿ ನಿಂತ. ಅವನು ಓದಿದ್ದರಲ್ಲಿ ತಪ್ಪಿರಲಿಲ್ಲ. ಓದಿನಿಂದ ಎಲ್ಲವೂ ತಿಳಿಯುತ್ತದೆ ಅಂದುಕೊಂಡದ್ದೇ ತಪ್ಪಾಗಿತ್ತು.

ಮದ್ದು ಸರಿಯಾಗಿ ಹೋಯಿತು. ಹದಿನೈದು ದಿನದಲ್ಲಿ ಜ್ವರ ಇಳಿದ ಸುದ್ದಿ ಬಂತು.

ಇಲ್ಲಿಗೆ ಕಥೆ ಮುಗಿಯಿತು ಎಂದು ನೀವು ಅಂದುಕೊಂಡಿರಬಹುದು. ಮಠದವರೂ ಹಾಗೇ ಅಂದುಕೊಂಡರು. ಸಿರಿಯವ್ವನ ಕಥೆ ಮಾತ್ರ ಆಗಿನ್ನೂ ಶುರುವೇ ಆಗಿರಲಿಲ್ಲ.

ಮಠದಲ್ಲಿ ಸಭೆ ಸೇರಿತು. ಸಿರಿಯವ್ವನನ್ನು ನಡುವೆ ಮಣೆ ಹಾಕಿ ಕೂರಿಸಿದರು. ಮೇಲಿನ ಊರಿನವರು ಗಾಡಿ ಕಟ್ಟಿಕೊಂಡು ಬಂದು ಹಣ್ಣು ಹೂವು ತಂದರು. ರೇಷ್ಮೆಯ ಶಾಲು ಹೊದಿಸಿದರು. ಶಾಸ್ತ್ರಿ ಎದ್ದು ನಿಂತ. ಅವನು ಕೆಟ್ಟವನಲ್ಲ, ತಪ್ಪು ಒಪ್ಪಿಕೊಳ್ಳುವ ಗುಣವಿತ್ತು. ಎಲ್ಲರೆದುರಿಗೆ ಅವಳಿಗೆ ಕೈಮುಗಿದು, "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಅಕ್ಷರ ಕಲಿತ ನಾನು ಎಡವಿದೆ. ಅಕ್ಷರ ಕಲಿಯದ ಈ ತಾಯಿ ಗೆದ್ದಳು" ಎಂದ. ಜನ ಚಪ್ಪಾಳೆ ತಟ್ಟಿದರು.

ಮರುಳಸಿದ್ಧಯ್ಯನವರು, "ಏನು ಬೇಕೋ ಕೇಳವ್ವ. ಹಸು ಕೊಡಲೇ? ಮನೆಗೆ ಹೊಸ ಹೆಂಚು ಹೊದಿಸಿಕೊಡಲೇ?" ಎಂದರು.

ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು. ಈಗ ಕೇಳದಿದ್ದರೆ ಇನ್ನೆಂದು?

"ನಂಗೆ ಅಕ್ಷರ ಹೇಳ್ಕೊಡಿ ಗುರುಗಳೆ" ಎಂದಳು.

ಸಭೆಯಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ, ಅಕ್ಕರೆಯ ನಗುವೇ. ಮೇಲಿನ ಊರಿನ ಒಬ್ಬ ಮುದುಕ, "ಅಯ್ಯೋ ತಾಯೀ, ಓದ್ದೋರಿಗೇ ನೀನು ಪಾಠ ಹೇಳ್ದೆ. ನಿಂಗ್ಯಾಕವ್ವ ಅಕ್ಷರ?" ಎಂದ.

ಶಾಸ್ತ್ರಿಯಂತೂ ಭಕ್ತಿಯಿಂದಲೇ ಹೇಳಿದ: "ನೀನು ಅಕ್ಷರಕ್ಕಿಂತ ಮೇಲಿನವಳು. ಪುಸ್ತಕ ಓದಿ ನಿನ್ನ ಈ ಸಹಜ ಜ್ಞಾನ ಯಾಕೆ ಕೆಡಿಸಿಕೊಳ್ತೀಯೆ? ನೀನು ಹೀಗೇ ಇರಬೇಕು ತಾಯಿ."

ಆ ಮಾತು ಕೇಳಿ ಸಿರಿಯವ್ವನಿಗೆ ಆದ ನೋವು ಅಷ್ಟಿಷ್ಟಲ್ಲ. ಹಿಂದೆ ದಡ್ಡಿ ಎಂದು ನಕ್ಕು ಬಾಗಿಲು ಹಾಕಿದ್ದರು. ಈಗ ಜಾಣೆ ಎಂದು ಹೊಗಳಿ ಹಾಕುತ್ತಿದ್ದಾರೆ. ಬಾಗಿಲು ಅದೇ, ಹೊರಗೆ ನಿಂತವಳೂ ಅವಳೇ. ಕೈಗೆ ಬಂದ ತುತ್ತು ಮತ್ತೆ ಬಾಯಿಗೆ ಬರಲಿಲ್ಲ.

ಅವಳು ಹೆಗಲ ಮೇಲಿನ ಶಾಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಗುರುಗಳ ಮುಂದೆ ಇಟ್ಟಳು.

"ಓದು ಒಕ್ಕಾಲು ಅಂದ್ರಲ್ಲ ಅಯ್ನೋರೆ," ಎಂದಳು ಶಾಸ್ತ್ರಿಗೆ. "ನಿಮ್ಮ ಮಾತೇ ದಿಟ ಆಗ್ಲಿ. ಮುಕ್ಕಾಲು ನನ್ನ ತಾವ ಅದೆ ಅಂತೀರಿ. ನಾನು ಕೇಳ್ತಿರೋದು ಆ ಉಳಿದ ಒಕ್ಕಾಲು. ಅಷ್ಟೇ ಅದು, ದೊಡ್ಡದೇನಲ್ಲ ಅನ್ನಂಗಿದ್ರೆ ಕೊಟ್ಬುಡಿ. ನಂಗೆ ಬ್ಯಾಡ ಅಂತ ನೀವೇ ಯಾಕೆ ಹೇಳ್ತೀರಿ? ನಿಮ್ಮ ಮಕ್ಕಳಿಗೆ ಬ್ಯಾಡ ಅಂತ ಹೇಳಿದ್ದೀರಾ?"

ಶಾಸ್ತ್ರಿ ಪಾಠಶಾಲೆಯ ಹುಡುಗರ ಕಡೆ ನೋಡಿದ. ಅವನ ಇಬ್ಬರು ಗಂಡುಮಕ್ಕಳು ಮೊದಲ ಸಾಲಿನಲ್ಲೇ ಕೂತಿದ್ದರು.

ಸಿರಿಯವ್ವನ ಕಣ್ಣು ತುಂಬಿತು. "ನಾನು ಗೆದ್ದೆ ಅಂತೀರಿ. ಆವತ್ತು ನಾನು ಅಂಗಳದಾಗೆ ಕೂತು ಹುಳ ಹೋದ ದಾರಿ ಹಿಡಿದೆ. ಹುಳಕ್ಕೂ ಓದಾಕೆ ಬರಕಿಲ್ಲ, ನಂಗೂ ಬರಕಿಲ್ಲ. ಇಬ್ಬರೂ ಗರಿ ಒಳಗೇ ಓಡಾಡಿದೋ. ಅದ್ರಾಗೆ ಏನದೆ ಅಂತ ಇಬ್ಬರಿಗೂ ತಿಳೀನಿಲ್ಲ. ಗುರುಗಳು ಓದಿದ ಮ್ಯಾಕೇ ತಿಳಿದದ್ದು. ನಂಗೂ ಮನುಷ್ಯರಂಗೆ ಒಂದು ಸಲ ಗರಿ ಒಳೀಕೆ ಹೋಗಬೇಕು ಅಂತ ಆಸೆ."

ಯಾರೂ ನಗಲಿಲ್ಲ.

"ಈ ಆಸೆ ಇದ್ದದ್ದು ನಮಗೆ ಗೊತ್ತೇ ಇರಲಿಲ್ಲವಲ್ಲವ್ವ. ಮೊದಲೇ ಯಾಕೆ ಕೇಳಲಿಲ್ಲ?" ಎಂದರು ಗುರುಗಳು ಮೆಲ್ಲಗೆ.

"ಕೇಳಿದ್ದೆ ಗುರುಗಳೆ. ಮೂರು ಸಲ ಕೇಳಿದ್ದೆ. ಮದುವೆಗೆ ಮುಂಚೆ ಒಂದು ಸಲ, ಗಂಡ ಹೋದ ಮ್ಯಾಲೆ ಒಂದು ಸಲ. ಆ ಎರಡು ಸಲಾನೂ ನಿಮ್ಮನ್ನೇ ಕೇಳಿದ್ದೆ. ನೀವು ಓಲೆ ನೋಡ್ತಿದ್ರಿ, ಹೂಂ ಅಂದ್ರಿ. ಹೂಂ ಅಂದ್ರೆ ಕರೀತೀರಿ ಅಂತ ನಾನು ಕಾಯ್ತಾ ಇದ್ದೆ."

ಮರುಳಸಿದ್ಧಯ್ಯನವರು ಕಣ್ಣು ಮುಚ್ಚಿಕೊಂಡರು. ಅವರಿಗೆ ನೆನಪೇ ಇರಲಿಲ್ಲ. ಅವರು ಮರೆತ ಎರಡು 'ಹೂಂ'ಗಳಲ್ಲಿ ಅವಳ ಇಡೀ ಪ್ರಾಯ ಕಳೆದುಹೋಗಿತ್ತು. ಅವರು ಪೀಠದಿಂದ ಕೆಳಗಿಳಿದು, ಒಬ್ಬ ಶಿಷ್ಯನಿಗೆ ಮರಳಿನ ಮಣೆ ತರಲು ಹೇಳಿ, ಸಭೆಯ ನಡುವೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವಳ ಬೆರಳು ಹಿಡಿದು ಮರಳಿನಲ್ಲಿ 'ಅ' ಬರೆಸಿದರು.

ಕಲಿಕೆ ಸುಲಭವಾಗಿರಲಿಲ್ಲ. ಐವತ್ತು ದಾಟಿದ ಕಣ್ಣು, ಎಣ್ಣೆ ಮಸಿಯಲ್ಲಿ ಒರಟಾದ ಬೆರಳು. ಹುಡುಗರು ಒಂದು ದಿನದಲ್ಲಿ ಕಲಿತದ್ದು ಅವಳಿಗೆ ಒಂದು ವಾರ ಹಿಡಿಯುತ್ತಿತ್ತು. ಬೆಕ್ಕು, ಲಾಳ ಎಂದು ರೂಢಿಯಾದ ಅಕ್ಷರಗಳು ತಮ್ಮ ನಿಜವಾದ ಹೆಸರಿಗೆ ಬರಲು ಹಟ ಮಾಡುತ್ತಿದ್ದವು. ಕೆಲವು ಸಂಜೆ ಅವಳು ಅಳುತ್ತಾ ಮನೆಗೆ ಹೋಗುತ್ತಿದ್ದಳು. ಏಳು ವರ್ಷಕ್ಕೆ ಶುರುಮಾಡಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಓದಿರುತ್ತಿದ್ದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು. ಹೋದ ವರ್ಷಗಳನ್ನು ಯಾವ ಗುರು ತಾನೇ ತಂದುಕೊಟ್ಟಾನು? ಆದರೂ ಬೆಳಿಗ್ಗೆ ಮತ್ತೆ ಬರುತ್ತಿದ್ದಳು. ಗುರುಗಳಿಗೆ ಆಗದ ದಿನ ಶಾಸ್ತ್ರಿಯೇ ಪಾಠ ಹೇಳುತ್ತಿದ್ದ. ಅವನಿಗೆ ಅವಳು ಗರಿಗಳನ್ನು ಬೆಳಕಿಗೆ ಹಿಡಿದು ನೋಡುವುದನ್ನು ಕಲಿಸಿದಳು.

ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ, ಸಿರಿಯವ್ವ ಹಳೆಯ ಕಟ್ಟೊಂದರ ಕೊನೆಯ ಗರಿಗೆ ಮಸಿ ಬಳಿದು ಒರೆಸಿದಳು. ಅಕ್ಷರಗಳು ಎದ್ದು ನಿಂತವು. ಎಂದಿನಂತೆ ಬದಿಗಿಡಲಿಲ್ಲ. ಬೆರಳಿಟ್ಟು ಒಂದೊಂದೇ ಕೂಡಿಸಿದಳು. ಎಡವಿದಳು, ಹಿಂದೆ ಬಂದಳು, ಮತ್ತೆ ಕೂಡಿಸಿದಳು. ಜಗಲಿಯ ನೆರಳು ಒಂದು ಗೇಣು ಸರಿದಿತ್ತು. ಗರಿ ಬರೆದವನು ಗ್ರಂಥ ಮುಗಿಸಿ ಕೊನೆಗೆ ಹೀಗೆ ಬರೆದಿದ್ದ: "ಇದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿ ಓದಿಕೊಳ್ಳಬೇಕು. ಬರೆದವನನ್ನು ಬೈಯಬಾರದು."

ಸಿರಿಯವ್ವ ಗರಿಯನ್ನು ಎತ್ತಿಕೊಂಡು ಗುರುಗಳ ಬಳಿಗೆ ಹೋದಳು. ಇಡೀ ಸಾಲನ್ನು ಓದಿ ತೋರಿಸಿದಳು. ಒಂದೂ ತಪ್ಪಲಿಲ್ಲ.

"ಇದು ಯಾರಿಗೆ ಬರೆದಿರೋದು ಗುರುಗಳೆ?" ಎಂದು ಕೇಳಿದಳು.

"ಎಲ್ಲ ಗ್ರಂಥದ ಕೊನೆಯಲ್ಲೂ ಹೀಗೆ ಬರೆಯುವುದು ವಾಡಿಕೆ ಕಣವ್ವ. ಮುಂದೆ ಯಾರು ಓದುತ್ತಾರೋ ಅವರಿಗೆ."

"ಎಲ್ಲದ್ರಾಗೂ ಅದಾ? ನಾನು ಮಸಿ ಬಳಿದದ್ದೆಲ್ಲದ್ರಾಗೂ?"

"ಎಲ್ಲದರಲ್ಲೂ."

ಅವಳು ಗರಿಯನ್ನು ಎದೆಗೆ ಒತ್ತಿಕೊಂಡಳು. "ಅಂಗಾರೆ ನಂಗೂ ಬರೆದದ್ದೇ ಅಲ್ವಾ ಗುರುಗಳೆ? ಇಷ್ಟು ವರ್ಷ ಬರೆದೋರು ನನ್ನ ಕೈಯಾಗೇ ಕೂತು ಕೇಳ್ಕೋತಿದ್ರು. ನಾನು ಒಂದು ಸಲಾನೂ ಆಗ್ಲಿ ಸ್ವಾಮಿ ಅನ್ನನಿಲ್ವಲ್ಲ!" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಸಿರಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ಕೂತು, ಆ ಗ್ರಂಥದ ಮೊದಲ ಗರಿಯನ್ನು ಕೈಗೆತ್ತಿಕೊಂಡಳು.

ನೀತಿ: ಓದು ಬಾರದವರಲ್ಲಿ ಬುದ್ಧಿಯಿಲ್ಲ ಎಂದುಕೊಳ್ಳುವುದು ಓದಿದವರ ದಡ್ಡತನ. ಬುದ್ಧಿ ಯಾವ ಶಾಲೆಯ ಸ್ವತ್ತೂ ಅಲ್ಲ. ಆದರೆ "ನೀನು ಜಾಣ, ನಿನಗೆ ಓದು ಯಾಕೆ?" ಎಂದು ಹೊಗಳಿ, ಕಲಿಯುವ ಆಸೆಯಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ದಡ್ಡತನಕ್ಕಿಂತ ದೊಡ್ಡ ತಪ್ಪು. ಯಾರಾದರೂ ಕಲಿಯಬೇಕೆಂದು ನಿಮ್ಮನ್ನು ಕೇಳಿದರೆ ತಲೆಯೆತ್ತಿ ಅವರ ಮುಖ ನೋಡಿ, ಅಂದೇ ಕೂರಿಸಿಕೊಂಡು ಕಲಿಸಿ.